ಬಲಕ್ಕೆ ಬಿದ್ದ ಹೂವು

ಹೂವು ಬಲಕ್ಕೇ ಬಿದ್ದಿತ್ತು, ಶಾಂತ. ಎಡಕ್ಕೆ ಬಿತ್ತು ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ಆ ಮನೆ ತೆಗೆದುಕೋ ಎಂದು ದೇವರು ಅಪ್ಪಣೆ ಕೊಟ್ಟಿದ್ದ. ಬೇಡ ಎಂದವಳು ನಿನ್ನ ಒಡಹುಟ್ಟಿದ ಅಕ್ಕ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಹೇಳಿದರೆ ನೀನು ನಡುವೆ ಬಾಯಿ ಹಾಕಿ, 'ಹೋಗ್ಲಿ ಬಿಡಕ್ಕ' ಎಂದುಬಿಡುತ್ತೀಯ. ಹಾಗೆ ಅನ್ನಿಸಿಕೊಂಡು ಹಗುರಾಗುವುದು ನನಗೆ ಬೇಡ. ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಬಿಟ್ಟವಳ ಅಕ್ಷರ, ನಿಧಾನವಾಗಿ ಓದಿಕೋ.

ಹಳೇಬೀಡಿನಲ್ಲಿ ಆ ಮನೆ ತೋರಿಸಲು ನೀನು ನನ್ನನ್ನು ಕರೆದುಕೊಂಡು ಹೋದ ದಿನವೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಶುರುವಾಗಿತ್ತು. ಎರಡೇ ಕೋಣೆ, ಒಂದು ಹಜಾರ. ಅರಸೀಕೆರೆಯ ನಮ್ಮ ಮನೆಯ ಮುಂದೆ ಅದು ದನದ ಕೊಟ್ಟಿಗೆಯಷ್ಟು. ಆದರೂ ನೀನು ನನ್ನ ಕೈ ಹಿಡಿದು ತಾರಸಿ ಹತ್ತಿಸಿ, ಕೆರೆಯ ಕಡೆ ಕೈ ತೋರಿಸಿದೆ.

"ಇಲ್ಲಿ ಹಪ್ಪಳ ಒಣಗಿಸ್ಬೋದು ಕಣಕ್ಕ."

"ಕೋತಿ ಕಾಟ ಐತೆ ಇಲ್ಲಿ," ಎಂದೆ.

"ಅವಕ್ಕೂ ಎರಡು ಹಾಕಿದ್ರಾಯ್ತು ಬಿಡು," ಎಂದು ನಕ್ಕೆ ನೀನು.

ಆ ನಗು — ಅದನ್ನು ನಾನು ಸಹಿಸಲಾರದೆ ಹೋದೆ. ಗಂಡ ಸತ್ತ ಮೇಲೆ ನೀನು ಬಟ್ಟೆಗಂಟು ಹಿಡಿದು ಬಂದಾಗ ಬಾಗಿಲು ತೆಗೆದವಳು ನಾನು. ನಿನಗೆ ಹಾಸ್ಟೆಲಿನ ಅಡುಗೆ ಕೆಲಸ ಸಿಗುವವರೆಗೆ ಇಕ್ಕಿದವಳು ನಾನು. ಇಕ್ಕಿದ ಕೈಗೆ ಒಂದು ಸೊಕ್ಕು ಬರುತ್ತದೆ, ಶಾಂತ. ನೀನು ಯಾವತ್ತೂ ನನಗಿಂತ ಒಂದು ಮೆಟ್ಟಿಲು ಕೆಳಗೇ ಇರುತ್ತೀಯ ಎಂದುಕೊಂಡಿದ್ದೆ. ಹಾಸ್ಟೆಲಿನ ಮಕ್ಕಳಿಗೆ ಮುದ್ದೆ ತೊಳಸಿ ಕೂಡಿಟ್ಟ ದುಡ್ಡಿನಲ್ಲಿ ಮನೆ ಕೊಳ್ಳುತ್ತೀಯ, ಅದೂ ನಿನ್ನ ಹೆಸರಿಗೆ!

ನಿನ್ನ ಹೆಸರಿಗೆ. ಚುಚ್ಚಿದ್ದು ಅದೇ. 'ನನ್ನ ಮನೆ' ಎಂದು ನಾನು ಹೇಳುವ ಮನೆ ಮೊದಲು ಮಾವನ ಹೆಸರಿನಲ್ಲಿತ್ತು, ಆಮೇಲೆ ಯಜಮಾನರದು, ಈಗ ಮಗ ಮಂಜನದು. ತೆಂಗಿನ ತೋಟವೂ ಹಾಗೇ. ನೋಂದಣಿ ಕಚೇರಿಗೆ ನಾನೂ ಹೋಗಿದ್ದೇನೆ — ಒಪ್ಪಿಗೆ ಇದೆ ಎಂದು ಸಹಿ ಹಾಕುವುದಕ್ಕೆ. ಇಲ್ಲಿ ಹಾಕಮ್ಮ ಎಂದು ಬೆರಳು ತೋರಿಸಿದ ಕಡೆ ಹಾಕಿ ಬಂದಿದ್ದೇನೆ. ಕೊಳ್ಳುವವಳು ಎಂಬ ಜಾಗದಲ್ಲಿ ನನ್ನ ಹೆಸರನ್ನು ಯಾರೂ ಬರೆದಿಲ್ಲ.

ಅದೇ ವಾರ ಊಟಕ್ಕೆ ಕೂತಾಗ ಮಂಜ ಹೇಳಿದ.

"ಮುಂದಿನ ತಿಂಗಳಿಂದ ಜಾಗಕ್ಕೆ ಗೌರ್ಮೆಂಟ್ ರೇಟು ಏರುತ್ತಂತೆ ಕಣವ್ವ. ಸ್ಟಾಂಪು, ರಿಜಿಸ್ಟ್ರಿ ಎಲ್ಲಾ ಹೊಸ ರೇಟಿನ ಮೇಲೇ. ಚಿಕ್ಕಮ್ಮಂಗೆ ಈ ತಿಂಗಳೇ ಬರೆಸ್ಕೊಳ್ಳೋಕೆ ಹೇಳು. ಮರೀಬೇಡ."

ಮರೆಯಲಿಲ್ಲ. ನೆನಪಿಟ್ಟುಕೊಂಡೇ ಹೇಳಲಿಲ್ಲ.

ನೀನು ಫೋನು ಮಾಡಿದ್ದು ಮಾರನೆಯ ದಿನ. ನಮ್ಮಲ್ಲಿ ಅವ್ವನ ಕಾಲದಿಂದಲೂ ಮದುವೆಗಾಗಲಿ ಮನೆಗಾಗಲಿ ಮನೆದೇವರ ಹತ್ತಿರ ಹೂ ಕೇಳದೆ ಕೈ ಹಾಕಿದ್ದಿಲ್ಲ. ಪೂಜಾರಿ ದೇವರ ಮುಡಿಗೆ ಹೂವಿಟ್ಟು ಬೇಡಿಕೊಳ್ಳುತ್ತಾನೆ. ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. "ನಂಗೆ ರಜಾ ಇಲ್ಲ ಕಣಕ್ಕ, ನೀನೇ ಹೋಗಿ ಕೇಳ್ಕೊಂಡು ಬಾ. ಹೂವಾದ್ರೆ ಸೋಮವಾರವೇ ಬರೆಸ್ಕೊಂಡ್ಬಿಡ್ತೀನಿ," ಎಂದೆ ನೀನು.

ಹೋದೆ. ಜಾವಗಲ್ಲಿನವರೆಗೆ ಬಸ್ಸು, ಅಲ್ಲಿಂದ ಆಟೋ. ಪೂಜಾರಿ ನಿನ್ನ ಹೆಸರು ಹೇಳಿ ಬೇಡಿಕೊಂಡು ಇನ್ನೂ ಬಾಯಿ ಮುಚ್ಚಿರಲಿಲ್ಲ, ಸೇವಂತಿಗೆ ಬಲಕ್ಕೆ ಜಾರಿ ಬಿತ್ತು. "ಭಾರಿ ಬೇಗ ಕೊಟ್ಟ ಕಣಮ್ಮ," ಎಂದು ಆತ ಅದನ್ನು ನನ್ನ ಸೆರಗಿಗೆ ಹಾಕಿದ. ನನ್ನ ಮಗಳ ಮದುವೆಗೆ ಕೇಳಿದಾಗ ಅರ್ಧ ದಿನ ಕಾಯಿಸಿದ್ದ ಆ ದೇವರು. ನಿನಗೆ ಮಾತ್ರ —

ಗುಡಿಯ ಜಗಲಿಯಲ್ಲಿ ಕೂತೇ ನಿನಗೆ ಫೋನು ಮಾಡಿದೆ.

"ಎಡಕ್ಕಾಯ್ತು ಕಣೇ. ಈಗ ಬೇಡ ಅಂತೈತೆ. ನವರಾತ್ರಿ ಕಳೀಲಿ."

ಇಷ್ಟೇ ಮಾತು. ದೇವರಿಗೆ ಹೆದರದವಳೇನಲ್ಲ ನಾನು. ಆ ದಿನ ನಿನ್ನ ಮೇಲಿನ ಹೊಟ್ಟೆಕಿಚ್ಚು ಹೆದರಿಕೆಗಿಂತ ದೊಡ್ಡದಾಗಿತ್ತು.

ನೀನು ಕಾದೆ. ನವರಾತ್ರಿ ಮುಗಿಸಿ ಬೇಲೂರಿನ ನೋಂದಣಿ ಕಚೇರಿಗೆ ಹೋಗುವಾಗ ಸಾಕ್ಷಿ ಹಾಕಲು ನನ್ನನ್ನೂ ಕರೆದೆ. ನೀನು ಉಟ್ಟಿದ್ದ ಹೊಸ ಸೀರೆಯ ಮಡಿಕೆ ಕೂಡ ಮುರಿದಿರಲಿಲ್ಲ. ಪತ್ರ ಬರೆಯುವವನು ಲೆಕ್ಕ ಹಾಕಿ ಹೇಳಿದ: "ನೀವು ಮಾತಾಡಿರೋ ಬೆಲೆ ಏನಾದ್ರೂ ಇರ್ಲಿ ಅಮ್ಮ. ಸರ್ಕಾರದ ದರ ಈಗ ಅದಕ್ಕಿಂತ ಮೇಲೆ ಹೋಗೈತೆ. ಅದರ ಮೇಲೇ ಕಟ್ಬೇಕು."

ನೀನು ನನ್ನ ಮುಖ ನೋಡಿದೆ. ನಾನು ಗೋಡೆ ನೋಡಿದೆ. ಕಡಿಮೆ ಬಿದ್ದಷ್ಟು ನನ್ನ ಚೀಟಿಯ ದುಡ್ಡಿನಲ್ಲೇ ಇತ್ತು, ಆದರೂ ಬಾಯಿ ಬಿಡಲಿಲ್ಲ. ಇದು ಎರಡನೆಯ ತಪ್ಪು, ಇದನ್ನೂ ಬರೆದಿಡುತ್ತೇನೆ. ಮನೆ ಮಾರುವವನಿಗೆ ಅವಸರವಿತ್ತು. ನೀನು ಹಣ ಹೊಂದಿಸುವಷ್ಟರಲ್ಲಿ ಮುಂಗಡ ವಾಪಸ್ಸು ಕೊಟ್ಟು ಬೇರೆಯವರಿಗೆ ಮಾರಿಬಿಟ್ಟ.

ನೀನು ಅತ್ತಿದ್ದರೆ, ನನ್ನನ್ನು ಬೈದಿದ್ದರೆ, ನಾನು ಅಂದೇ ಹೇಳಿಬಿಡುತ್ತಿದ್ದೆನೋ ಏನೋ. ಇಲ್ಲ, ಇದು ನೆಪ. ಹೇಳುತ್ತಿರಲಿಲ್ಲ. ನೀನು ಹೇಳಿದ್ದು ಬೇರೆಯೇ:

"ದೇವ್ರು ಮೊದಲೇ ಬೇಡ ಅಂದಿದ್ದ ಕಣಕ್ಕ. ನಾನೇ ಆಸೆ ಬಿದ್ದೆ. ನಂಗೆ ಮನೆ ಋಣ ಇಲ್ಲ."

ಅಂದಿನಿಂದ ನೀನು ಒಂದು ಮನೆಯನ್ನೂ ನೋಡಲಿಲ್ಲ. ಬಾಡಿಗೆ ಕೋಣೆಯಲ್ಲಿ ಬಕೆಟ್ಟು ಹಿಡಿದು ಬೀದಿ ನಲ್ಲಿಗೆ ಕಾಯುತ್ತೀಯ. ಹೋದ ವಾರ ಮಂಜ ಹಳೇಬೀಡಿನಲ್ಲೇ ಇನ್ನೊಂದು ಮನೆ ಇದೆ, ನಿನ್ನ ಕೈಗೆ ಎಟುಕುವ ಬೆಲೆ ಎಂದು ನಿನಗೆ ಹೇಳಿದನಂತೆ. ನೀನು ಕೇಳಿಸಿಕೊಳ್ಳಲೂ ಇಲ್ಲವಂತೆ. "ದೇವ್ರು ಕೊಡದಿರೋದನ್ನ ಕಿತ್ಕೊಳ್ಳೋಕಾಯ್ತದಾ?" ಎಂದೆಯಂತೆ.

ದೇವರು ಕೊಟ್ಟಿದ್ದ. ನಾನು ಕಿತ್ತುಕೊಂಡೆ.

ಅಂದು ಬಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ ಕೇಳು. ಮಂಜ ಹೇಳಿದ ಮನೆಗೆ ಮುಂಗಡ ಕೊಡುವ ಮೊದಲೇ ಬೇಲೂರಿಗೆ ಹೋಗಿ ಆ ಜಾಗಕ್ಕೆ ಸರ್ಕಾರದ ದರ ಎಷ್ಟಿದೆ, ಸದ್ಯದಲ್ಲಿ ಏರುತ್ತದೆಯೇ ಎಂದು ಕೇಳು. ಆ ದರ, ನೀನು ಮಾತಾಡಿದ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ. ಆ ಶುಲ್ಕಕ್ಕೆ ಸೆಸ್ಸು ಗಿಸ್ಸು ಅಂತ ಬಾಲವೂ ಇರುತ್ತದೆ. ನೋಂದಣಿ ಶುಲ್ಕ ಬೇರೆ. ಇದೆಲ್ಲ ಮನೆಯ ಬೆಲೆಯ ಒಳಗಿಲ್ಲ, ಹೊರಗೆ, ಮೊದಲೇ ತೆಗೆದಿಡು. ಪತ್ರದಲ್ಲಿ ಬೆಲೆ ಕಡಿಮೆ ತೋರಿಸೋಣ ಎಂದು ಯಾರಾದರೂ ಹೇಳಿದರೆ ಎದ್ದು ಬಾ. ಕಡಿಮೆ ಬಿದ್ದರೆ ನನ್ನ ಚೀಟಿ ದುಡ್ಡಿದೆ. ಕೇಳಲು ಮನಸ್ಸಿಲ್ಲದಿದ್ದರೆ ಮಂಜನ ಕೈಲಿ ಕಳಿಸುತ್ತೇನೆ, ನನ್ನ ಮುಖ ನೋಡಬೇಕಾಗಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಇನ್ನು ಮೇಲೆ ಹೊಟ್ಟೆಕಿಚ್ಚು ಪಡುವುದಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕೊಳ್ಳುವವಳ ಜಾಗದಲ್ಲಿ ನಿನ್ನ ಹೆಸರು ಬಿದ್ದ ದಿನ ನನ್ನ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಉರಿಯಲಿ. ನೀನು ಬರೆಸಿಕೋ.