ಫೋಟೋಕ್ಕೆ ಮಾತ್ರ ರೈಫಲ್

ಗೆಳತಿಯರೇ, ಇವತ್ತಿನದು ಕೇಳಿ. ಹಳ್ಳಿ ಹುಡುಗಿಯರೂ ಶೂಟಿಂಗ್ ಕಲಿಯಲಿ ಎಂದು ಕಲಬುರಗಿಯ ಒಂದು ಕ್ಲಬ್ಬಿನವರು ಕರೆದಿದ್ದರು. ತಮ್ಮನ ಮಗಳು ಅಂಬಿಕಾಳನ್ನು ಕರೆದುಕೊಂಡು ಕಮಲಾಪುರದಿಂದ ಬೆಳಗಿನ ಬಸ್ಸಿಗೆ ಹೋದೆ. ಹುಡುಗಿಯರ ಕೈಗೆ ಏರ್ ರೈಫಲ್ ಕೊಟ್ಟು, ಬ್ಯಾನರ್ ಮುಂದೆ ನಿಲ್ಲಿಸಿ ಫೋಟೋ ತೆಗೆದರು. ಆಮೇಲೆ ಅದೇ ರೈಫಲ್ ಇಸಿದುಕೊಂಡು ತಮ್ಮ ಕ್ಲಬ್ಬಿನ ಹುಡುಗರಿಗೆ ಕೊಟ್ಟರು.

"ಸರ್, ನಾ ಯಾವಾಗ ಹೊಡೀಲಿ?" ಅಂಬಿಕಾ ಕೇಳಿದಳು.

"ಫೋಟೋ ಆಯ್ತಲ್ಲವ್ವಾ. ಇನ್ನ ಆಕಡಿ ಕೂತು ನೋಡ್ರಿ," ಎಂದರು ಕಲಿಸುವ ಸರ್.

ಹುಡುಗಿಯ ಮುಖ ಸಣ್ಣದಾಯಿತು. ನಾನು ಸುಮ್ಮನಿರಲಿಲ್ಲ.

"ಸರ್, ದೇವರಿಗಿ ನೈವೇದ್ಯ ತೋರ್ಸಿ ನಾವೇ ಉಣ್ತೀವಿ, ಖರೆ. ದೇವರಿಗಿ ಹಸಿವಿಲ್ಲ, ನಡೀತದ. ಈಕಿಗಿ ಹಸಿವದ ರೀ."

ಅವರು ನನ್ನನ್ನೊಮ್ಮೆ ನೋಡಿದರು. "ಏ, ಏಳೋ, ಆಕಿಗಿ ಕೊಡು," ಎಂದು ಒಬ್ಬ ಹುಡುಗನನ್ನು ಎಬ್ಬಿಸಿದರು.

ಅಂಬಿಕಾ ಹೊಡೆದದ್ದು ಒಂದೂ ಗುರಿಯ ಕಾಗದಕ್ಕೆ ತಾಗಲಿಲ್ಲ. ಹುಡುಗರು ಕಿಸಕ್ಕನೆ ನಕ್ಕರು. ಇವಳು ಮಾತ್ರ ಬಸ್ಸಿನಲ್ಲಿ, "ಅತ್ತಿ, ಬರೋ ಐತವಾರ ಮತ್ತ ಹೋಗಮು," ಎಂದಳು.

ಹೋಗುತ್ತೇವೆ. ಗುರಿ ತಪ್ಪಲಿಕ್ಕಾದರೂ ಮೊದಲು ಸರದಿ ಸಿಗಬೇಕಲ್ಲವೇನ್ರೀ!