ಅವ್ವ ಕುಡಿಯದ ನೀರು

ನನ್ನ ಹೊಟ್ಟೆಪಾಡು ಇಲಿಗಳ ಕಿಡ್ನಿಯದು. ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ, ಹಠಾತ್ತನೆ ಪೆಟ್ಟು ತಿಂದ ಕಿಡ್ನಿಯ ಉರಿಯೂತ ತಣಿಸಿ ಅದನ್ನು ಹೇಗೆ ಕಾಪಾಡುತ್ತದೆ ಎಂದು ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ನೋಡುತ್ತೇನೆ. ಅಂಥವನ ಅವ್ವನಿಗೇ ಕಿಡ್ನಿ ಕೆಡಬೇಕೆ? ದೀಪದ ಬುಡದಲ್ಲೇ ಕತ್ತಲೆ.

ತೆಲಂಗಾಣದ ಗಡಿಯಲ್ಲಿ, ಮನೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಅವ್ವ ಕುರಿ ಕಾಯುತ್ತಾಳೆ. ಬೇಸಿಗೆಯಲ್ಲಿ ವಾಂತಿಭೇದಿ ಹತ್ತಿತು. ಅದರ ನಡುವೆಯೂ ಮೊಣಕಾಲು ನೋವಿನ ಗುಳಿಗೆ ನುಂಗುತ್ತಲೇ ಇದ್ದಳು. ಕಿಡ್ನಿ ಒಮ್ಮೆಲೇ ಕೈಕೊಟ್ಟಿತು. ಗುಳಿಗೆ ಬಿಟ್ಟು ನೀರು ಕುಡಿದರೆ ಸುಧಾರಿಸುತ್ತದೆ ಎಂದರು ಜಹೀರಾಬಾದಿನ ಡಾಕ್ಟರ್. ಗುಳಿಗೆಯನ್ನೇನೋ ಬಿಟ್ಟಳು. ಆದರೂ ಪರೀಕ್ಷೆ ಮಾಡಿಸಿದಾಗಲೆಲ್ಲ ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿಯೇ ಇರುತ್ತಿತ್ತು. ಈ ಸಲವೂ ಇಳಿಯದಿದ್ದರೆ ಡಯಾಲಿಸಿಸ್‌ಗೂ ತಯಾರಿರಿ ಎಂದರು.

ಹೆದರಿ, ನಾನೇ ಪರೀಕ್ಷೆಗೆ ಕರೆದುಕೊಂಡು ಹೊರಟೆ. ಶೇರ್ ಆಟೋ ನಾರಾಯಣಖೇಡ ದಾಟಿದ ಮೇಲೆ ನೀರಿನ ಬಾಟಲಿ ಮುಂದೆ ಹಿಡಿದರೆ ಅವ್ವ ಮುಖ ತಿರುಗಿಸಿದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು.

"ಊರಾಗ ಕುಡೀತೀನಿ. ಹೊರಗ ಹೊಂಟ್ರ ಹಿಂದಿನ ಸಂಜಿಂದ ನೀರು ಮುಟ್ಟಂಗಿಲ್ಲ. ನಿನಗ ಗೊತ್ತಿಲ್ಲೇನು?"

ಅಂದರೆ ಪ್ರತಿ ಸಲವೂ ಒಣಗಿದ ಮೈಯಿಂದಲೇ ರಕ್ತ ಕೊಟ್ಟು ಬಂದಿದ್ದಾಳೆ! ನನ್ನ ಪಿತ್ತ ನೆತ್ತಿಗೇರಿತು. ಅಸಿಟೈಲ್‌ಕೋಲಿನ್, ಉರಿಯೂತ, ಇಲಿ ಎಂದು ಆಟೋದ ತುಂಬ ಜನರೆದುರು ಭಾಷಣ ಬಿಗಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

"ನಿನ್ನ ಇಲಿಗೋಳು ಒಂದಕ್ಕ ಎಲ್ಲಿ ಹೋಗ್ತಾವಪ್ಪ?" ಎಂದಳು ಅವ್ವ.

"ಪಂಜರದಾಗ. ಕೆಳಗ ಟ್ರೇ ಇರ್ತದ."

"ಅವು ನಸೀಬ್ ಮಾಡ್ಯಾವ ಬಿಡು."

ಎದುರಿಗೆ ಕೂತ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ದಾರಿಯಲ್ಲಿ ಆಗಲೇ ಒಮ್ಮೆ ಆಟೋ ನಿಲ್ಲಿಸಿ, ನಾವು ಗಂಡಸರೆಲ್ಲ ಜಾಲಿಮರದ ಮರೆಗೆ ಹೋಗಿ ಬಂದಿದ್ದೆವು.

ಮುಂದಿನ ಪೆಟ್ರೋಲ್ ಪಂಪಿನಲ್ಲಿ ಆಟೋ ನಿಲ್ಲಿಸಲು ಹೇಳಿದೆ. ಹೆಂಗಸರ ಪಾಯಿಖಾನೆಗೆ ಬೀಗ. ಕೀಲಿ ಎಲ್ಲಿ ಎಂದರೆ ಮ್ಯಾನೇಜರ್ ಹತ್ತಿರ, ಮ್ಯಾನೇಜರ್ ಎಲ್ಲಿ ಎಂದರೆ ಊಟಕ್ಕೆ. ಕೂಗಾಡಿದೆ. ನನ್ನ ಗಂಟಲು ಬಿದ್ದುಹೋಗುವ ಹೊತ್ತಿಗೆ ಕೀಲಿ ಅಲ್ಲೇ ನಿಂತಿದ್ದ ಒಬ್ಬನ ಜೇಬಿನಿಂದ ಬಂತು. ಅವ್ವನ ಹಿಂದೆಯೇ ಆಟೋದಲ್ಲಿದ್ದ ಹೆಂಗಸರೆಲ್ಲ ಇಳಿದು ಸಾಲು ಹಚ್ಚಿದರು.

ಹೊರಬಂದ ಅವ್ವ ತಾನಾಗಿಯೇ ಕೈಚಾಚಿ ಬಾಟಲಿ ತೆಗೆದುಕೊಂಡಳು. ಗಟಗಟನೆ ಅರ್ಧ ಕುಡಿದು ಮುಚ್ಚಳ ಹಾಕಿದಳು.

"ಪೂರಾ ಕುಡಿ," ಎಂದೆ.

"ಮೊದಲ ಅವರನ್ನ ಕೇಳ್ಕೊಂಡು ಬಾ," ಎಂದಳು, "ಹೊಳ್ಳಿ ಬರೋವಾಗ ಬೀಗ ತಗದಿರ್ತಾರೇನಂತ."