ಗೆರೆಯಿಲ್ಲದ ರಂಗೋಲಿ

ಹಂಡೆಗೆ ನೀರು ತುಂಬಿ ಉರಿ ಹಾಕಿದ್ದು, ಮೊದಲ ಪಾಳಿಗೆ ಹೋಗುವ ಯಜಮಾನರಿಗೆ ಬುತ್ತಿ ಕಟ್ಟಿದ್ದು, ಮಗಳಿಗೆ ಎರಡು ಜಡೆ ಹಾಕಿದ್ದು, ಉದ್ದಿನಬೇಳೆ ಬಿಸಿಲಿಗೆ ಹರವಿದ್ದು, ಶಾಲೆಯ ಬಾಗಿಲಲ್ಲಿ ಅರ್ಧ ರಂಗೋಲಿ ಹಾಕಿ ಎದ್ದದ್ದು. ಆ ದಿನ ನಾನು ಮಾಡಿದ ಕೆಲಸ ಇಷ್ಟು. ಕೊನೆಯದನ್ನು ನೆನೆದರೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ.

ಐವತ್ತರ ದಶಕದ ಕೊನೆ. ನಾವು ಭದ್ರಾವತಿಯ ನ್ಯೂ ಟೌನಿನಲ್ಲಿ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದೆವು. ಮಗಳು ಹತ್ತಿರದ ಶಾಲೆಯಲ್ಲಿ ಐದನೆಯ ಕ್ಲಾಸು. ಮಾತು ಬಲು ಕಮ್ಮಿ. ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಶುರುವಾದ ಮೇಲೆ ಕಾಗೆಯ ಕಾಲಿಗೆ ಬೆರಳೆಷ್ಟು, ನಲ್ಲಿಯ ತಿರುಪು ಯಾವ ಕಡೆ ಬಾಗಿದೆ ಎಂದು ನಿಂತು ನೋಡಿ, ಬಂದು ನನಗೆ ಹೇಳತೊಡಗಿದಳು. ಅವಳಿಗೆ ಮಾತು ಬಂದದ್ದೇ ಆ ಡ್ರಾಯಿಂಗ್ ಪುಸ್ತಕದಿಂದ. ಹೊಸ ಹೆಡ್‌ಮಾಸ್ತರರು ಬಂದವರೇ ಆ ಪೀರಿಯಡ್ಡನ್ನು ಲೆಕ್ಕಕ್ಕೆ ಕೊಟ್ಟರು. ಲೆಕ್ಕದ ನಡುವೆ ಇವಳು ಕಾಗೆ ಬರೆಯುತ್ತಿದ್ದಳೆಂದು ಪುಸ್ತಕ ಕಿತ್ತುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಕೇಳಲು ಹೋದೆ.

“ಗೆರೆ ಎಳೆದ್ರೆ ಹೊಟ್ಟೆ ತುಂಬುತ್ತೇನಮ್ಮ? ಲೆಕ್ಕ ಬಂದ್ರೆ ಸಾಕು,” ಎಂದರು. ಕೂರಿ ಎನ್ನಲೂ ಇಲ್ಲ.

ಮಗಳು ಮತ್ತೆ ಬಾಯಿ ಮುಚ್ಚಿದಳು. ನಾನೂ ಮುಚ್ಚಿಕೊಂಡೆ, ಮರೆಯಲಿಲ್ಲ. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ ಆ ಮಾತನ್ನು ಹೊರಳಿಸುತ್ತಲೇ ಮೂರು ತಿಂಗಳು ಕಾದೆ.

ಶಿವಮೊಗ್ಗದಿಂದ ಇನ್‌ಸ್ಪೆಕ್ಟರು ಶಾಲೆ ನೋಡಲು ಬರುವುದೆಂದಾಯಿತು. ಹಿಂದಿನ ಸಂಜೆ ಹೆಡ್‌ಮಾಸ್ತರರೇ ನಮ್ಮ ಬಾಗಿಲಿಗೆ ಬಂದರು.

“ನಿಮ್ಮ ಕೈ ರಂಗೋಲಿ ಅಂದ್ರೆ ಈ ಲೈನಲ್ಲೆಲ್ಲ ಹೆಸರು. ನಾಳೆ ಶಾಲೆ ಬಾಗಿಲಿಗೊಂದು ದೊಡ್ಡದಾಗಿ ಹಾಕ್ಕೊಡ್ಬೇಕು ತಾಯಿ.”

ರಂಗೋಲಿಯೂ ಚಿತ್ರವೇ ಎಂದು ಆ ಮಹಾಶಯರಿಗೆ ಹೊಳೆದೇ ಇರಲಿಲ್ಲ. ಬರ್ತೀನಿ ಎಂದೆ. ಕಾಫಿಯನ್ನೂ ಕೊಟ್ಟೆ.

ಬೆಳಿಗ್ಗೆ ಹೋಗಿ ನೆಲ ಸಾರಿಸಿ, ನಡುಸಾಲಿಗೆ ಹದಿನೈದು ಚುಕ್ಕಿ ಇಟ್ಟು, ಎರಡೂ ಕಡೆ ಒಂದೊಂದೇ ಇಳಿಸುತ್ತ ಎಂಟಕ್ಕೆ ನಿಲ್ಲಿಸಿದೆ. ಸೆರಗಿಗೆ ಕೈ ಒರೆಸಿಕೊಂಡು ಎದ್ದೆ. ಹೆಡ್‌ಮಾಸ್ತರರು ಓಡಿಬಂದರು.

“ಇದೇನಮ್ಮ, ಗೆರೇನೇ ಎಳೀಲಿಲ್ವಲ್ಲ? ಅವರು ಬರೋ ಹೊತ್ತಾಯ್ತು.”

“ಎಣಿಸ್ಕೊಳ್ಳಿ ಮೇಷ್ಟ್ರೇ, ನೂರ ಅರವತ್ತೊಂಬತ್ತಿದೆ. ಲೆಕ್ಕ ಸರಿಯಾಗಿದೆ. ಗೆರೆ ಎಳೆಯೋದು ನಿಮ್ಮ ಶಾಲೇಲಿಲ್ವಲ್ಲ.”

“ಮಾನ ತೆಗೀಬೇಡಿ ತಾಯಿ.”

“ಬೀರೂಲಿರೋ ನನ್ನ ಮಗಳ ಪುಸ್ತಕ ತೆಗೀರಿ.”

ಅಷ್ಟರಲ್ಲಿ ಇನ್‌ಸ್ಪೆಕ್ಟರ ಜೀಪು ಬಂದು ನಿಂತಿತು. ಇಳಿದವರು ಚುಕ್ಕಿಗಳನ್ನು ನೋಡಿ, “ಏನು, ಅರ್ಧಕ್ಕೇ ನಿಂತಿದೆ?” ಎಂದರು.

“ಇಲ್ಲಿ ಡ್ರಾಯಿಂಗ್ ಪೀರಿಯಡ್ಡೂ ನಿಂತುಹೋಗಿದೆ ಸಾರ್, ಅದಕ್ಕೇ,” ಎಂದೆ.

ಅವರು ವೇಳಾಪಟ್ಟಿ ತರಿಸಿದರು. ಅದರಲ್ಲಿ ಶುಕ್ರವಾರ ಡ್ರಾಯಿಂಗ್ ಇದ್ದೇ ಇತ್ತು. “ಹಾಗಾದ್ರೆ ಮಕ್ಕಳ ಪುಸ್ತಕ ತೋರಿಸಿ.” ತೋರಿಸಲು ಶಾಲೆಯಲ್ಲಿದ್ದದ್ದು ಒಂದೇ ಪುಸ್ತಕ. ಹೆಡ್‌ಮಾಸ್ತರರೇ ಬೀಗ ತೆಗೆದು ನನ್ನ ಮಗಳ ಪುಸ್ತಕವನ್ನು ಅವರ ಮುಂದಿಟ್ಟರು. ಕಿಟಕಿಯ ಹೊರಗೆ ನಿಂತು ಕಣ್ತುಂಬ ನೋಡಿದೆ. ಅಯ್ಯೋ ಅನ್ನಿಸಲಿಲ್ಲ.

ಪುಸ್ತಕವೂ ಶುಕ್ರವಾರದ ಪೀರಿಯಡ್ಡೂ ಮರಳಿ ಬಂದವು. ಮುಂದೆ ಹೆಡ್‌ಮಾಸ್ತರರು ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ನಾನು ಬೇಕೆಂದೇ ಆಚೆಗೆ ದಾಟಿ, “ಚೆನ್ನಾಗಿದ್ದೀರಾ ಮೇಷ್ಟ್ರೇ?” ಎಂದು ಕೇಳುತ್ತಿದ್ದೆ.

ಇನ್‌ಸ್ಪೆಕ್ಟರು ಬಂದುಹೋದ ದಿನ ರಾತ್ರಿ ಊಟಕ್ಕೆ ಕೂತಾಗ ಯಜಮಾನರು, “ಇಷ್ಟೊಂದು ಹಟ ಬೇಕಿತ್ತೇನೇ ಮಾರಾಯ್ತಿ?” ಎಂದರು.

“ಇನ್ನೊಂಚೂರು ಹುಳಿ ಹಾಕ್ಲಾ?” ಎಂದೆ.

ಬಸಳೆಸೊಪ್ಪಿನ ಹುಳಿ, ಸುಟ್ಟ ಹಪ್ಪಳ, ಮಜ್ಜಿಗೆ. ಮಗಳು ಊಟದುದ್ದಕ್ಕೂ ಮಾತಾಡಿದಳು. ನಾನು ತಟ್ಟೆ ಎತ್ತುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಅವಳಿಗೇ ನಿದ್ದೆ ಬಂದಿತ್ತು.